ಎಂಟನೆಯ ಪಾಠ

ನಂಜನಗೂಡು
17 ಜೂನ್ 2001

ಪ್ರಿಯ ಕರಿಯಯ್ಯ,

ನೀನು ಬೈಯುವ ಮೊದಲೇ ತಪ್ಪೊಪ್ಪಿಕೊಳ್ಳುತ್ತೇನೆ. ಯುಗಾದಿಯಿಂದ ಈಚೆಗೆ ನಿನಗೆ ಒಂದು ಕಾರ್ಡೂ ಹಾಕಿಲ್ಲ. ಕಾಲೇಜಿನಲ್ಲಿ ಪರೀಕ್ಷೆ, ಆಮೇಲೆ ಪೇಪರ್ ತಿದ್ದುವ ಕೆಲಸ, ಆಮೇಲೆ ಸೋಮಾರಿತನ. ಅದಕ್ಕೆ ಬಡ್ಡಿಯಾಗಿ ಈಗ ಒಳ್ಳೆಯ ಸಮಾಚಾರ ಕಳಿಸುತ್ತಿದ್ದೇನೆ.

ತೊಂಬತ್ತೆರಡರಲ್ಲಿ ಸಾಕ್ಷರತಾ ಜಾಥಾದ ಜೀಪಿನಲ್ಲಿ ಕೂತು ನಾವಿಬ್ಬರೂ ಮಾತಾಡಿಕೊಂಡಿದ್ದೆವಲ್ಲ, ಅಕ್ಷರ ಕಲಿತವರ ಕೈಗೆ ಆಮೇಲೆ ಏನು ಕೊಡುವುದು, ಬರೀ ಕೋಳಿ ಸಾಕಣೆಯ ಪುಸ್ತಕವೇ ಎಂದು. ಆ ಪುಸ್ತಕ ಈಗ ಆಗುತ್ತದೆ. ಹೆಸರು 'ಕರಿಯರು, ಬಿಳಿಯರು, ನಾವು'. ಜನಾಂಗ ಅಂದರೇನು, ಬಡವ ಬಲ್ಲಿದ ಹೇಗಾದರು, ಬ್ರಿಟಿಷರು ನಮ್ಮ ತಲೆಯೊಳಗೆ ಏನು ಬಿಟ್ಟುಹೋದರು, ಇಷ್ಟೂ ದಪ್ಪಕ್ಷರದಲ್ಲಿ, ಎಂಟು ಪಾಠಗಳಲ್ಲಿ. ಅಕ್ಕಿ ಗಿರಣಿಯ ಪುಟ್ಟಬಸವಯ್ಯನವರ ಟ್ರಸ್ಟ್ ಅಚ್ಚು ಹಾಕಿಸುತ್ತದೆ. ಏಳು ಪಾಠ ನಾನು ಬರೆದಿದ್ದೇನೆ, ಹಸ್ತಪ್ರತಿ ಇದರ ಜೊತೆಗಿದೆ. ನಿನ್ನ ಭಾನುವಾರದ ತರಗತಿಯಲ್ಲಿ ಓದಿ ನೋಡು. ಎಂಟನೆಯದನ್ನು ನೀನು ಕೊಡಬೇಕು, ನಿನ್ನ ಬೀದಿಯವರ ಬಾಯಿಂದಲೇ ಬರಬೇಕು.

ಅಮ್ಮ ಚೆನ್ನಾಗಿದ್ದಾರೆ. 'ಮೇಷ್ಟ್ರು ಈ ಕಡೆ ಬಂದೇ ಇಲ್ವಲ್ಲಪ್ಪ' ಎಂದು ಮೊನ್ನೆಯೂ ಕೇಳಿದರು. ನೀನು ಬಂದರೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಜಗಳವಾಡಬಹುದು.

ನಿನ್ನ
ನಂಜುಂಡೇಶ್


ತಿ. ನರಸೀಪುರ
8 ಜುಲೈ 2001

ಪ್ರಿಯ ನಂಜುಂಡೇಶ್,

ನಿನ್ನ ಏಳು ಪಾಠಗಳನ್ನು ಮೂರು ಭಾನುವಾರ ಓದಿದೆವು. ಹತ್ತೊಂಬತ್ತು ಜನ, ಅದರಲ್ಲಿ ಹದಿಮೂರು ಹೆಂಗಸರು. ಸಮುದಾಯ ಭವನದ ಬೀಗದ ಕೈ ಪಂಚಾಯ್ತಿಯವರು ಕೊಡದಿದ್ದ ದಿನ ಜಗಲಿಯ ಮೇಲೆ ಓದಿದೆವು.

ದೊರೆಗಳ ಪಾಠಕ್ಕೆ ಎಲ್ಲರೂ ಕುಣಿದಾಡಿಬಿಟ್ಟರು. ಬಿಳಿಯ ದೊರೆ ನಮ್ಮವರ ಮೂಗು ಅಳೆದು ಪುಸ್ತಕದಲ್ಲಿ ಬರೆದುಕೊಂಡ ಎಂದು ನೀನು ಬರೆದಿದ್ದೀಯಲ್ಲ, ಅಲ್ಲಿ ನಮ್ಮ ಸಿದ್ದಯ್ಯ ಎದ್ದು ನಿಂತ. ಅವನ ತಾತನ ಮೂಗನ್ನೂ ಒಬ್ಬ ದೊರೆ ಕಬ್ಬಿಣದ ಕಡ್ಡಿಯಲ್ಲಿ ಅಳೆದಿದ್ದನಂತೆ. ಮನೆಯಲ್ಲಿ ಹೇಳಿಕೊಂಡು ಬಂದ ಮಾತು. 'ದೊರೆಗೆ ನಮ್ಮ ಕೇರಿ ಎಲ್ಲಿ ಗೊತ್ತಿತ್ತು ಸಾ? ಊರ ಯಜಮಾನ್ರೇ ಕರ್ಕಬಂದು, ಇವರ್ನ ಅಳ್ಕಳಿ ಅಂತ ಸಾಲಾಗಿ ನಿಲ್ಸುದ್ರು. ಅವರ ಮೂಗ ಯಾರೂ ಅಳೀನಿಲ್ಲ' ಎಂದ. ಇದು ನಿನ್ನ ಪಾಠದಲ್ಲಿಲ್ಲ. ಸೇರಿಸು.

ಎಂಟನೆಯ ಪಾಠ ಸಿಕ್ಕಿದೆ. ಹೇಳಿದವಳು ನನ್ನ ಸೋದರತ್ತೆ ಮಾದಮ್ಮ. ಅರವತ್ತು ದಾಟಿದ ಮೇಲೆ ನನ್ನ ತರಗತಿಯಲ್ಲಿ ಅ ಆ ತಿದ್ದಿದವಳು. ನಾನು ಒಂದು ಅಕ್ಷರವನ್ನೂ ಬದಲಾಯಿಸದೆ ಬರೆದುಕೊಂಡಿದ್ದೇನೆ:

'ನಾನು ಮದ್ವೆಯಾಗಿ ಬಂದಾಗಿಂದ ಆ ಮನೆ ಗದ್ದೇಲಿ ಕಳೆ ಕಿತ್ತಿವ್ನಿ. ಮಧ್ಯಾನ ಕಾಫಿ ಕೊಡೋರು. ಲೋಟ ಇತ್ಲು ಕಡೆ ಸೂರ್ನಲ್ಲಿ ಸಿಕ್ಸಿರೋರು. ನಾನೇ ಎಳ್ಕಂಡು ಇಡ್ಕಬೇಕು, ಅವ್ರು ಮ್ಯಾಲಿಂದ ಉಯ್ಯೋರು. ಕುಡ್ದು, ತೊಳ್ದು, ಅಲ್ಲೇ ಸಿಕ್ಸಿ ಓಗಬೇಕು. ಒಂದಪ ಗಾಳಿಗೆ ಲೋಟ ಬಿದ್ದು ಸೊಟ್ಟಗಾಯ್ತು. ಆ ವಮ್ಮ ನಂಗೆ ಬೈದ್ಲು. ನಂಗೆ ಒಂದೇ ಮಾತು ಕೇಳ್ಬೇಕು ಅನ್ಸುತ್ತೆ. ಲೋಟ ನಂದಾದ್ರೆ ನೀನ್ಯಾಕವ್ವ ಬೈತೀಯ? ನಿಂದಾದ್ರೆ ಒಳಗ್ಯಾಕವ್ವ ಇಟ್ಕಳಲ್ಲ?'

ಯಾರ ಮನೆ ಎಂದು ಕೇಳಿದೆ. 'ಅದ್ನ ಬರೀಬ್ಯಾಡ, ಜಾಗ ಬುಟ್ಬುಡು' ಎಂದಳು. ಚುಕ್ಕಿ ಹಾಕಿ ಬಿಟ್ಟಿದ್ದೇನೆ. ಪಾಠದ ಕೆಳಗೆ 'ಹೇಳಿದವರು: ಮಾದಮ್ಮ' ಎಂದು ಇರಲೇಬೇಕು. ಅಚ್ಚಿನಲ್ಲಿ ತನ್ನ ಹೆಸರು ಓದಬೇಕು ಎಂದು ಅವಳಿಗೆ ಆಸೆ. ಬೀದಿಗೆಲ್ಲ ಆಗಲೇ ಹೇಳಿಯೂ ಬಿಟ್ಟಿದ್ದಾಳೆ.

ನಿನ್ನ
ಕರಿಯಯ್ಯ


ನಂಜನಗೂಡು
27 ಜುಲೈ 2001

ಪ್ರಿಯ ಕರಿಯಯ್ಯ,

ಮಾದಮ್ಮನವರ ಪಾಠ ಓದಿ ಕಣ್ಣು ತುಂಬಿ ಬಂತು. ನಾನು ಬರೆದ ಏಳನ್ನೂ ಒಲೆಗೆ ಹಾಕಬೇಕು ಅನ್ನಿಸಿತು. ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಕೇಳಿದವರೇ ಎದ್ದು ಒಳಗೆ ಹೋದರು. ಅವರಿಗೂ ಮನಸ್ಸಿಗೆ ತಟ್ಟಿರಬೇಕು.

ಪುಸ್ತಕ ಪ್ರೆಸ್ಸಿಗೆ ಹೋಗಿದೆ. ಸಣ್ಣಪುಟ್ಟ ಪರಿಷ್ಕರಣೆ ಇದ್ದೇ ಇರುತ್ತದೆ. ಸ್ವಾತಂತ್ರ್ಯ ದಿನದ ಹೊತ್ತಿಗೆ ಮೂವತ್ತು ಪ್ರತಿ ನಿನಗೆ ತಲುಪುತ್ತವೆ.

ನಿನ್ನ
ನಂಜುಂಡೇಶ್


ತಿ. ನರಸೀಪುರ
19 ಆಗಸ್ಟ್ 2001

ನಂಜುಂಡೇಶ್,

ಕಟ್ಟು ಬಂತು. ಇವತ್ತು ತರಗತಿಯಲ್ಲೇ ಬಿಚ್ಚಿದೆ. ಮೊದಲೇ ಬಿಚ್ಚಿ ನೋಡದೆ ಹಾಗೆ ಮಾಡಿದ್ದು ನನ್ನ ತಪ್ಪು.

ಮಾದತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕನ್ನಡಕ ಸೆರಗಿನಲ್ಲಿ ಒರೆಸಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಹುಡುಕಿದಳು. ಅವಳಿಗೆ ವೇಗವಾಗಿ ಓದಲು ಬರುವುದಿಲ್ಲ, 'ಮಾ' ಅಕ್ಷರ ಮಾತ್ರ ಎಲ್ಲಿದ್ದರೂ ಕಾಣುತ್ತದೆ. 'ಮಾನವ' ಸಿಕ್ಕಿತು. 'ಮಾರುಕಟ್ಟೆ' ಸಿಕ್ಕಿತು. ಹದಿನೆಂಟು ಜನ ಅವಳನ್ನೇ ನೋಡುತ್ತ ಕೂತಿದ್ದರು. ಕೊನೆಗೆ 'ನಂದು ಎಲ್ಲೂ ಇಲ್ವಲ್ಲ ಮಗಾ' ಎಂದಳು. ನಾನು ಪುಸ್ತಕ ಕಸಿದುಕೊಂಡು ನೋಡಿದೆ. ಎಂಟನೆಯ ಪಾಠ: ದಕ್ಷಿಣ ಆಫ್ರಿಕದ ಬೆಂಚುಗಳು. ಬಿಳಿಯರಿಗೊಂದು ಬೆಂಚು, ಕರಿಯರಿಗೊಂದು ಬೆಂಚು, ಪಕ್ಕದಲ್ಲಿ ಚಿತ್ರ. ಸಿದ್ದಯ್ಯನ ತಾತನ ಮೂಗೂ ಇಲ್ಲ.

ಏನು ಮಾಡಿದ್ದೀಯ ಎಂದು ನಿನಗೆ ಗೊತ್ತೇ? ಆ ದೇಶದಲ್ಲಿ ಆ ಬೆಂಚು ಎತ್ತಿಹಾಕಿ ಹತ್ತು ವರ್ಷ ದಾಟಿತು. ನಮ್ಮ ಲೋಟ ಇನ್ನೂ ಸೂರಿನಲ್ಲಿದೆ. ಸಾವಿರಾರು ಮೈಲಿ ಆಚೆಯ ಬೆಂಚಿನ ಚಿತ್ರ ಹಾಕಿ, ನಡೆದು ಹೋಗುವಷ್ಟು ದೂರದಲ್ಲಿರುವ ಲೋಟವನ್ನು ಅಳಿಸಿದ್ದೀಯ. ನನಗೆ ಮೈ ಉರಿಯುತ್ತಿದೆ.

ಯಾರು ತೆಗೆದರು, ಯಾಕೆ ತೆಗೆದರು, ಎರಡೇ ಸಾಲು ಬರೆ ಸಾಕು. ಕಣ್ಣು ತುಂಬಿದ ಕಥೆ ಬೇಡ.

ಕರಿಯಯ್ಯ


ನಂಜನಗೂಡು
29 ಆಗಸ್ಟ್ 2001

ಪ್ರಿಯ ಕರಿಯಯ್ಯ,

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ದಯವಿಟ್ಟು ಪೂರ್ತಿ ಓದು.

ಪುಟ್ಟಬಸವಯ್ಯನವರ ಟ್ರಸ್ಟಿನಲ್ಲಿ ಎಲ್ಲ ಥರದವರೂ ಇದ್ದಾರೆ. ಲೋಟದ ಪಾಠ ನೋಡಿ ಅವರು ಅನುಮಾನಿಸಿದರು. ಊರೂರಿಗೆ ಹೋಗುವ ಪುಸ್ತಕ, ಯಾರದೋ ಮನೆಯದ್ದು ಎಂದು ಗಲಾಟೆಯಾದರೆ ಎಂಟೂ ಪಾಠ ನಿಂತುಹೋಗುತ್ತವೆ ಎಂದರು. ನಾನು ವಾದ ಮಾಡಿದೆ, ಆಗಲಿಲ್ಲ. ಪುಟಗಳ ತೊಂದರೆಯೂ ಇತ್ತು. ಎರಡನೆಯ ಮುದ್ರಣದಲ್ಲಿ ನೋಡೋಣ.

ಇನ್ನೊಂದು ಮಾತು. ಪೇಪರಿನಲ್ಲಿ ವಿಶ್ವಸಂಸ್ಥೆಯ ಡರ್ಬನ್ ಸಮ್ಮೇಳನದ ಸುದ್ದಿ ನೋಡುತ್ತಿದ್ದೀಯಲ್ಲ. ಜಾತಿಯನ್ನು ಜನಾಂಗಭೇದದ ಜೊತೆ ಸೇರಿಸಬೇಕೋ ಬೇಡವೋ ಎಂದು ದೊಡ್ಡ ದೊಡ್ಡವರೇ ಕಿತ್ತಾಡುತ್ತಿದ್ದಾರೆ. ಜಾತಿ ಇಷ್ಟು ಗಟ್ಟಿಯಾಗಿದ್ದು ಬ್ರಿಟಿಷರು ಎಣಿಸಿ ಪಟ್ಟಿ ಮಾಡಿದ ಮೇಲೆ. ಮೊದಲು ಆ ಬೇರನ್ನು ಜನರಿಗೆ ತೋರಿಸಿದರೆ ಲೋಟ ತಾನಾಗಿ ಅರ್ಥವಾಗುತ್ತದೆ. ಬೆಂಚಿನ ಪಾಠ ಓದಿದವರು ತಮ್ಮ ಊರನ್ನು ತಾವೇ ನೋಡಿಕೊಳ್ಳುತ್ತಾರೆ, ನಾವು ಬೆರಳು ತೋರಿಸಬೇಕಾಗಿಲ್ಲ.

ನಮ್ಮಿಬ್ಬರ ನಡುವೆ ಇದು ಬರಬಾರದು. ಜಾಥಾದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ನಮ್ಮ ಮನೆಯಲ್ಲಿ ಯಾವತ್ತಾದರೂ ಭೇದ ಕಂಡಿದ್ದೀಯಾ ಹೇಳು. ನೀನು ಬಂದಾಗ ಅಮ್ಮನೇ ಕೈಯಾರೆ ಕಾಫಿ ತಂದುಕೊಡುತ್ತಾರೆ.

ನಿನ್ನ
ನಂಜುಂಡೇಶ್


ತಿ. ನರಸೀಪುರ
9 ಸೆಪ್ಟೆಂಬರ್ 2001

ನಂಜುಂಡೇಶ್ ಅವರಿಗೆ,

ಗುರುವಾರ ಪುಟ್ಟಬಸವಯ್ಯನವರು ಭತ್ತದ ವ್ಯಾಪಾರಕ್ಕೆ ನರಸೀಪುರಕ್ಕೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಕಂಡರು. ನಮಸ್ಕಾರ ಹೇಳಿ, ಲೋಟದ ಪಾಠ ನಿಮಗೆ ಯಾಕೆ ಹಿಡಿಸಲಿಲ್ಲ ಎಂದು ನೇರವಾಗಿ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

'ಯಾವ ಲೋಟದ ಪಾಠ ಕಣ್ರೀ? ನಂಗೆ ಅವ್ರು ಏಳೇ ಪಾಠ ತೋರ್ಸಿದ್ದು. ಎಂಟ್ನೇದು ಬೆಂಚಿಂದು, ಆಮೇಲೆ ಬರ್ಕೊಂಡು ಬಂದ್ರು. ನಾನು ಓದೋನಲ್ಲ ಬಿಡ್ರೀ, ಅಚ್ಚಾಕ್ಸಿ ಅಂದ್ರು, ಆಕ್ಸಿದೆ.'

ಕಾಣದ ಪಾಠವನ್ನು ಅವರು ಹೇಗೆ ಬೇಡ ಎಂದರು ಸ್ವಾಮಿ? ನೀವು ಯಾರ ಜೊತೆ ವಾದ ಮಾಡಿ ಸೋತಿರಿ?

ನಿಮ್ಮ ಮನೆಯಲ್ಲಿ ಭೇದ ಕಂಡಿದ್ದೇನೆಯೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷ ನುಂಗಿಕೊಂಡದ್ದನ್ನು ಈಗ ಹೇಳುತ್ತೇನೆ. ನಿಮ್ಮ ಮನೆಯ ಸ್ಟೀಲಿನ ಲೋಟಗಳ ಮೇಲೆಲ್ಲ 'ಚನ್ನಾಜಮ್ಮ' ಎಂದು ನಿಮ್ಮ ತಾಯಿಯ ಹೆಸರು ಹಾಕಿಸಿದೆ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ. ನೀವು ಕುಡಿಯುವುದರ ಮೇಲಿದೆ, ನಿಮ್ಮ ಮಡದಿ ನಯನ ಅವರು ಕುಡಿಯುವುದರ ಮೇಲಿದೆ, ಕಾಲೇಜಿನ ನಿಮ್ಮ ಗೆಳೆಯರಿಗೆ ಕೊಟ್ಟವುಗಳ ಮೇಲೂ ಇತ್ತು. ನನಗೆ ಬರುವ ಲೋಟದ ಮೇಲೆ ಹೆಸರಿಲ್ಲ. ಅಂಚಿನಲ್ಲಿ ಸಣ್ಣ ತಗ್ಗಿದೆ. ಒಂಬತ್ತು ವರ್ಷವೂ ಅದೇ ಲೋಟ. ಅದು ಒಳಗಿಂದ ಬರುವುದಿಲ್ಲ, ಜಗಲಿಯ ಕಿಟಕಿಯ ಸಂದಿನಿಂದ ಬರುತ್ತದೆ. ನಿಮ್ಮ ತಾಯಿ ನಗುತ್ತಲೇ ಕೊಡುತ್ತಾರೆ. ಅವರು ಒಂದು ದಿನವೂ ಕೆಟ್ಟ ಮಾತಾಡಿದವರಲ್ಲ.

ನನಗೆ ಹೆಚ್ಚು ಸಿಟ್ಟಿರುವುದು ನನ್ನ ಮೇಲೆ. ಎರಡನೆಯ ಸಲ ಬಂದಾಗ ಕುಡಿದಾದ ಮೇಲೆ ನಾನೇ ಎದ್ದು ಹೋಗಿ ನಲ್ಲಿಯಲ್ಲಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದೆ. ಯಾರೂ ಹೇಳಲಿಲ್ಲ. ಯಾರೂ ಬೇಡ ಎನ್ನಲೂ ಇಲ್ಲ. ಆಮೇಲೆ ಪ್ರತಿಸಲವೂ ತೊಳೆದೆ. ಗೆಳೆತನ ಕೆಡಬಾರದು, ಪುಸ್ತಕದ ಕೆಲಸ ಕೆಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ತರಗತಿಯಲ್ಲಿ ಸ್ವಾಭಿಮಾನ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನೂ ನಾನೇ.

ನಿಮ್ಮ ಕಿಟಕಿಯ ಸಂದಿಗೆ ಆ ಲೋಟ ಇಡಲು ಲಂಡನ್ನಿನಿಂದ ಯಾವ ದೊರೆ ಬಂದಿದ್ದ? ಬ್ರಿಟಿಷರು ನಮ್ಮನ್ನು ಪಟ್ಟಿ ಮಾಡಿದರು, ನಿಜ. ಅವರನ್ನು ನಾನು ಸಮರ್ಥಿಸುವವನಲ್ಲ. ನಿಮಗೆ ಮಾತ್ರ ಅವರು ತುಂಬ ಅನುಕೂಲವಾಗಿದ್ದಾರೆ. ಬದನವಾಳಿನ ಖಾದಿ ಜುಬ್ಬ ತೊಟ್ಟು ಅವರನ್ನು ಬೈದರೆ ಸಾಕು, ಮನೆಯೊಳಗೆ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಕರಿಯಯ್ಯ


ನಂಜನಗೂಡು
19 ಸೆಪ್ಟೆಂಬರ್ 2001

ಪ್ರಿಯ ಕರಿಯಯ್ಯ,

ನೀನು 'ನೀವು' ಎಂದು ಬರೆದದ್ದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ನಾನು ಅದಕ್ಕೆ ತಕ್ಕವನೇ.

ಪಾಠ ತೆಗೆದದ್ದು ನಾನು. ಟ್ರಸ್ಟಿನವರಲ್ಲ. ಅಮ್ಮ ಎದ್ದು ಒಳಗೆ ಹೋದರು ಎಂದು ಬರೆದಿದ್ದೆನಲ್ಲ, ಮರುದಿನ ಅವರು ಒಲೆಯ ಮುಂದೆ ಕೂತು 'ನಮ್ಮನೇದ್ನೂ ಅಚ್ಚಾಕಿಸ್ತೀಯೇನಪ್ಪ? ಮೇಷ್ಟ್ರು ಎಲ್ಲಾ ಹೇಳ್ಕೊಂಡವ್ರಾ?' ಎಂದರು. ಯಾವುದನ್ನು ಹೇಳುತ್ತಿದ್ದಾರೆ ಎಂದು ಆಗ ಹೊಳೆಯಿತು. ಕಿಟಕಿಯ ಕಡೆ ನೋಡಿದೆ. ಲೋಟ ಅಲ್ಲಿತ್ತು. ಎಷ್ಟೋ ಸಲ ನೋಡಿದ್ದೇನೆ, ಒಂದು ಸಲವೂ ಕಂಡಿರಲಿಲ್ಲ. ಅಮ್ಮನ ಮುಖ ನೋಡಲಾರದೆ, ಅವರನ್ನು ಉಳಿಸುತ್ತಿದ್ದೇನೆ ಎಂದುಕೊಂಡು ಪಾಠ ತೆಗೆದೆ. ಆಮೇಲೆ ನಿನಗೆ ಸುಳ್ಳು ಬರೆದೆ.

ಈಗ ಒಂದು ಕೆಲಸ ಮಾಡಿದ್ದೇನೆ. ಪೇಟೆಯ ಪಾತ್ರೆ ಅಂಗಡಿಗೆ ಹೋಗಿ ಆ ಲೋಟದ ತಗ್ಗು ತಟ್ಟಿಸಿ, ಅದರ ಮೇಲೆ ನಿನ್ನ ಹೆಸರು ಹಾಕಿಸಿದೆ. 'ಕರಿಯಯ್ಯ' ಎಂದು, ಚೆಂದದ ಅಕ್ಷರದಲ್ಲಿ. ಇನ್ನು ಅದು ಹೆಸರಿಲ್ಲದ ಲೋಟವಲ್ಲ. ನಿನ್ನ ಬಳಿಯೇ ಇರಲಿ ಎಂದು ನಮ್ಮ ಕಾಲೇಜಿನ ಅಟೆಂಡರ್ ನಿಂಗರಾಜು ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಊರು ಆ ಕಡೆಯೇ. ಇದನ್ನು ನನ್ನ ಕ್ಷಮಾಪಣೆ ಎಂದುಕೋ.

ನಿನ್ನ
ನಂಜುಂಡೇಶ್


ನಂಜನಗೂಡು
28 ಸೆಪ್ಟೆಂಬರ್ 2001
(ಕಾರ್ಡು)

ಕರಿಯಯ್ಯ, ಲೋಟ ಕೊಟ್ಟೆ ಎಂದು ನಿಂಗರಾಜು ಹೇಳಿದ. ನೀನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆಯಂತೆ. ಒಂದು ಮಾತು ಬರೆ. ನಂಜುಂಡೇಶ್.


ತಿ. ನರಸೀಪುರ
1 ಅಕ್ಟೋಬರ್ 2001

ನಂಜುಂಡೇಶ್,

ಲೋಟ ತಲುಪಿದೆ. ನೀನು ಎಂದೇ ಬರೆಯುತ್ತೇನೆ, ಯಾಕೆಂದರೆ ಈ ಕಾಗದದಲ್ಲಿ ಮರ್ಯಾದೆಗೆ ಜಾಗವಿಲ್ಲ.

ನೀನು ಏನು ಮಾಡಿದ್ದೀಯ ಎಂದು ನಿನಗೆ ಇನ್ನೂ ಹೊಳೆದಿಲ್ಲ. ನಿಮ್ಮ ಮನೆಯಲ್ಲಿ ಮನೆಯ ಲೋಟಗಳಿಗೆಲ್ಲ ಒಂದೇ ಹೆಸರು. ನನ್ನದಕ್ಕೆ ಆ ಹೆಸರು ಹಾಕಿಸಬಹುದಿತ್ತು. ಹೆಸರಿಲ್ಲದೆಯೇ ಒಳಗೆ ತೆಗೆದುಕೊಂಡು ಹೋಗಿ ಉಳಿದವುಗಳ ಜೊತೆ ಜೋಡಿಸಬಹುದಿತ್ತು. ನೀನು ನನ್ನ ಹೆಸರು ಹಾಕಿಸಿದೆ. ಮೊದಲು ನಿನ್ನ ತಾಯಿ ತಗ್ಗು ನೋಡಿ ಗುರುತು ಹಿಡಿಯಬೇಕಿತ್ತು, ಈಗ ಓದು ಬಂದ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಒಂಬತ್ತು ವರ್ಷ ಬಾಯಲ್ಲಿ ಹೇಳದೆ ನಡೆಸಿದ್ದನ್ನು ನೀನು ಸ್ಟೀಲಿನಲ್ಲಿ ಬರೆಸಿಕೊಟ್ಟೆ. ದೊರೆ ನಮ್ಮ ಮೂಗು ಅಳೆದು ಹೆಸರು ಬರೆದುಕೊಂಡ ಎಂದು ನಾಲ್ಕು ಪುಟ ಬರೆದವನೂ ನೀನೇ.

ಇನ್ನೊಂದು. ಕಿಟಕಿಯಿಂದ ಅಡುಗೆಮನೆಗೆ ಹತ್ತು ಹೆಜ್ಜೆ. ಅಲ್ಲಿಗೆ ಹೋಗಬೇಕಾದ ಲೋಟ ನರಸೀಪುರದ ಬಸ್ಸು ಯಾಕೆ ಹತ್ತಿತು? 'ನಿನ್ನ ಬಳಿಯೇ ಇರಲಿ' ಎಂದಿದ್ದೀಯ. ಒಳಗಿಡಲು ಹೋದೆ, ಅಮ್ಮ ಒಪ್ಪಲಿಲ್ಲ, ಹಾಗಲ್ಲವೇ? ಅದನ್ನೂ ಮುಚ್ಚಿಟ್ಟೆ. ಮುಚ್ಚಿಡುವುದು ನಿನಗೆ ಎಷ್ಟು ಅಭ್ಯಾಸವಾಗಿದೆ ನೋಡು, ಕ್ಷಮೆ ಕೇಳುವ ಕಾಗದದಲ್ಲೂ ಬಂದುಬಿಟ್ಟಿದೆ.

ಬಿಸಾಡಬೇಕು ಎಂದು ಹೊಳೆಯ ತನಕ ಹೋಗಿದ್ದೆ. ಬಿಸಾಡಲಿಲ್ಲ. ನಿನ್ನೆ ತರಗತಿಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಇವತ್ತು ಪುಸ್ತಕವಿಲ್ಲ, ಇದನ್ನು ಓದಿ ಎಂದೆ. ಮಾದತ್ತೆ ಎದ್ದು ಬಂದಳು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು. ಕ, ರಿ, ಯ, ಯ್ಯ.

'ನಿನ್ನೆಸ್ರು ಕಣ್ಲಾ. ಯಾರು ಕೊಟ್ಟುದ್ದು? ಬೌಮಾನವಾ?'

ಆಗ ಹೇಳಿದೆ. ಎಲ್ಲ ಹೇಳಿದೆ. ಕಿಟಕಿ, ತಗ್ಗು, ನಲ್ಲಿ, ಬೋರಲು ಹಾಕಿದ್ದು. ಹತ್ತೊಂಬತ್ತು ಜನರ ಮುಂದೆ, ಅವರ ಮೇಷ್ಟ್ರು. ಸಿದ್ದಯ್ಯ ತಲೆ ತಗ್ಗಿಸಿಕೊಂಡ. ಮಾದತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದಳು.

'ಮೇಷ್ಟ್ರಾಗಿ ನೀನೂ ತೊಳ್ದಿಟ್ಯಾ ಮಗಾ?'

'ತೊಳ್ದಿಟ್ಟೆ ಅತ್ತೆ.'

'ಯೋಳ್ದೆ ಇದ್ದುದ್ಯಾಕೆ?'

'ನಾಚ್ಕೆ ಆಗಿತ್ತು.'

ಮಾದತ್ತೆ ಚಾಕ್‌ಪೀಸು ನನ್ನ ಕೈಗೆ ಕೊಟ್ಟು 'ನಂದು ಆದ್ಮೇಲೆ ನಿಂದ್ನೂ ಬರಿ. ಅಚ್ಚಾಕೋರು ಬೇಕಾಗಿಲ್ಲ, ನಾವೇ ಬರ್ಕೊತೀವಿ' ಎಂದಳು. ಬೋರ್ಡಿನ ಮೇಲೆ ಬರೆದೆ. ಹತ್ತೊಂಬತ್ತು ಜನರೂ ನೋಟುಬುಕ್ಕಿನಲ್ಲಿ ನೋಡಿಕೊಂಡು ಬರೆದರು, ಮುಗಿಯಲು ಮಧ್ಯಾಹ್ನವಾಯಿತು. ಕೆಳಗೆ 'ಹೇಳಿದವರು: ಮಾದಮ್ಮ, ಕರಿಯಯ್ಯ' ಎಂದಿದೆ. ತನ್ನ ಹೆಸರನ್ನು ಅವಳು ತಾನೇ ಬರೆದಳು. ನಿನ್ನ ಪುಸ್ತಕದ ಮೂವತ್ತು ಪ್ರತಿಗಳಲ್ಲೂ ಬೆಂಚಿನ ಪಾಠದ ಮೇಲೆ ಇದನ್ನೇ ಹಾಳೆಯಲ್ಲಿ ಬರೆದು ಅಂಟಿಸುತ್ತಿದ್ದೇವೆ. ಟ್ರಸ್ಟಿಗೆ ತಿಳಿಸುವುದಾದರೆ ತಿಳಿಸು.

ಹದಿನಾಲ್ಕನೇ ತಾರೀಕು ಭಾನುವಾರ ಬಾ. ತರಗತಿ ಹತ್ತು ಗಂಟೆಗೆ. ಎಂಟನೆಯ ಪಾಠವನ್ನು ಅವತ್ತು ಗಟ್ಟಿಯಾಗಿ ಓದುವವನು ನೀನು. ಮಾದತ್ತೆ ತನ್ನ ಭಾಗದಲ್ಲಿ ಮನೆಯವರ ಹೆಸರಿಗೆ ಜಾಗ ಬಿಟ್ಟಿದ್ದಾಳೆ, ಅದು ಅವಳಿಷ್ಟ. ನನ್ನ ಭಾಗದಲ್ಲೂ ಜಾಗ ಬಿಟ್ಟಿದ್ದೇನೆ. ಲೋಟದ ಮೇಲೆ ನನ್ನ ಹೆಸರು ಹಾಕಿಸಿದವನು ಪಾಠದೊಳಗೆ ನಿನ್ನ ಹೆಸರು ಬರೆ, ನಿನ್ನ ಕೈಯಿಂದಲೇ, ಎಲ್ಲರ ಮುಂದೆ.

ಬರೆದಾದ ಮೇಲೆ ಮಾದತ್ತೆಯ ಮನೆಯಲ್ಲಿ ಕಾಫಿ. ಯಾವ ಲೋಟದಲ್ಲಿ ಕೊಡುತ್ತಾಳೆ ಎಂದು ಅವಳು ಇನ್ನೂ ಹೇಳಿಲ್ಲ.

ಕರಿಯಯ್ಯ